ಸಂಡೂರು ಕೆಂಪು ಧೂಳಿಗೆ ಮ್ಯಾಗ್ನೆಟ್ ಯಾಕೆ ಹತ್ತಲ್ಲ? ಮಗ ಕೇಳಿದ, ನನ್ನ ಹತ್ರ ಉತ್ತರ ಇಲ್ಲ

ತೋರಣಗಲ್ಲು ಕಾಟಾ
ನಮಸ್ಕಾರ ಎಲ್ರಿಗೂ. ನಾನು ಲಾರಿ ಕಾಟಾದಾಗ ಕೆಲಸ ಮಾಡೋನು, ದಿನಾ ಅದಿರು ಲಾರಿ ತೂಕ ಹಾಕಿ ಚೀಟಿ ಕೊಡೋದು, ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿದ್ರೆ ಬನಿಯನ್ ಸೈತ ಕೆಂಪು, ಹೆಂಡ್ತಿ ನನ್ನ ಬಟ್ಟೆಗೆ ಬೇರೆ ಬಕೆಟ್ಟೇ ಇಟ್ಟಾಳೆ. ಮಗ ಏಳನೇ ಕ್ಲಾಸು. ಮೊನ್ನೆ ಸುಟ್ಟೋಗಿದ್ದ ಸ್ಪೀಕರ್ ಬಿಚ್ಚಿ ಅದರಾಗಿನ ರಿಂಗ್ ಮ್ಯಾಗ್ನೆಟ್ ತಗದು, ಪ್ಲಾಸ್ಟಿಕ್ ಕವರ್ ಸುತ್ತಿ, ಕಿಟಕಿ ಮೇಲೆ ಕುಂತಿದ್ದ ಕೆಂಪು ಧೂಳಿನಾಗ ಆಡಿಸಿದ. ಒಂದು ಚೂರೂ ಹತ್ತಲಿಲ್ಲ. ರೋಡಿಗೆ ಹೋಗಿ ಲಾರಿಯಿಂದ ಬಿದ್ದ ಅದಿರು ಹೆಕ್ಕಿಕೊಂಡು ಬಂದು ಕುಟ್ಟಿ ಪುಡಿ ಮಾಡಿದ, ಅದೂ ಇಲ್ಲ. ಆಮೇಲೆ ಪಕ್ಕದ ಮನೆಯೋರು ಕಟ್ಟಡಕ್ಕೆ ಹಾಕಿಸಿದ್ದ ಮರಳಿನಾಗ ಆಡಿಸಿದ್ರೆ ಕರೀ ಮೀಸೆ ಹಂಗೆ ಎದ್ದು ನಿಂತು ಬಂತು! ಈಗ ಅವನ ಪ್ರಶ್ನೆ ಏನಂದ್ರೆ, ಅಪ್ಪಾ ನೀನು ತೂಕ ಮಾಡೋದು ಕಬ್ಬಿಣದ ಅದಿರು ಅಲ್ವಾ, ಅದಕ್ಕೆ ಹತ್ತದೆ ಇರೋ ಮ್ಯಾಗ್ನೆಟ್ ಬರೀ ಮರಳಿಗೆ ಹೆಂಗೆ ಹತ್ತಿತು. ನಾನು ಎಸ್ಸೆಸ್ಸೆಲ್ಸಿಗೇ ಗಾಡಿ ನಿಲ್ಸಿದವ. ಗೊತ್ತಿದ್ದೋರು ಹೇಳ್ರಪ್ಪ, ಮಗನ ಮುಂದೆ ಮರ್ಯಾದೆ ಹೋಗೋ ಹಂಗೈತೆ.

ಸಿಂಧನೂರು ಭತ್ತ
ಅದರಾಗ ಇದ್ದ ಕಬ್ಬಿಣ ಎಲ್ಲಾ ಆಗ್ಲೇ ಲಾರಿ ಹತ್ತಿ ಹೋಗ್ಯದ ಬಿಡಣ್ಣ, ಉಳಿದದ್ದು ಬರೀ ಬಣ್ಣ 😄

ಅದಿರು ಲ್ಯಾಬ್
ಕಬ್ಬಿಣ ಐತೆ ಸ್ವಾಮಿ, ನಾನೇ ದಿನಾ ಅಳೀತೀನಿ. ಪುಡಿನ ಆಸಿಡ್‌ನಾಗ ಕರಗಿಸಿ ಡೈಕ್ರೋಮೇಟ್ ಟೈಟ್ರೇಶನ್ ಮಾಡೋದು, ಬ್ಯೂರೆಟ್ಟಿನಿಂದ ಹನಿ ಹನಿ ಬಿಡ್ತಾ ಹೋಗಿ ಪಟ್ಟಂತ ನೇರಳೆ ಬಣ್ಣಕ್ಕೆ ತಿರುಗಿದ್ರೆ ಅಲ್ಲಿಗೆ ನಿಲ್ಸೋದು, ಒಂದು ಹನಿ ಜಾಸ್ತಿ ಬಿದ್ರೆ ಮತ್ತೆ ಮೊದಲಿನಿಂದ. ನಮ್ಮ ಸಂಡೂರು ಗುಡ್ಡದ್ದು ಹೆಚ್ಚಾಗಿ ಹೆಮಟೈಟ್. ಶುದ್ಧ ಹೆಮಟೈಟ್‌ನಾಗ ನೂರಕ್ಕೆ 69.9 ಭಾಗ ಕಬ್ಬಿಣನೇ, ಉಳಿದಿದ್ದು ಆಕ್ಸಿಜನ್. ಕುದುರೆಮುಖದ್ದು ಬೇರೆ ಜಾತಿ, ಮ್ಯಾಗ್ನೆಟೈಟ್, ಶುದ್ಧ ಆದ್ರೆ 72.4. ಅಲ್ಲಿ ಪುಡಿ ಮಾಡಿ ನೀರಿನಾಗ ಕಲಸಿ ಮ್ಯಾಗ್ನೆಟ್ ಡ್ರಮ್ ಮೇಲೆ ಹಾಯಿಸಿ ಕಬ್ಬಿಣ ಬೇರೆ ಮಾಡ್ತಿದ್ರು, 2005ರ ಕೊನೆಗೆ ಗಣಿಗಾರಿಕೆ ನಿಂತೋಯ್ತು ಅದು ಬೇರೆ ಕತೆ. ನಿಮ್ಮ ಮಗನಿಗೆ ಮರಳಿನಾಗ ಸಿಕ್ಕಿದ್ದೂ ಅದೇ ಮ್ಯಾಗ್ನೆಟೈಟ್ ಕಾಳು, ನಮ್ಮ ಕಡೆ ಬಂಡೆಗಲ್ಲಿನಾಗ ಸಣ್ಣ ಸಣ್ಣ ಕಾಳಾಗಿ ಇರ್ತೈತೆ, ಕಲ್ಲು ಸವೆದಾಗ ಹಳ್ಳ ಸೇರ್ತೈತೆ. ಅದು ಯಾಕೆ ಹತ್ತೈತೆ ಇದು ಯಾಕೆ ಹತ್ತಲ್ಲ ಅಂದ್ರೆ ನನ್ನ ಕೆಮಿಸ್ಟ್ರಿ ಅಲ್ಲಿಗೆ ಮುಗೀತು.

ಗಂಗಾವತಿ ಕ್ಯಾಸೆಟ್
ತಡೀರಿ ಸರ, ಒಂದು ಕೊಕ್ಕಿ ಐತಿ. ಹೆಮಟೈಟ್ ಅಂದ್ರ ಎರಡು ಕಬ್ಬಿಣ ಮೂರು ಆಕ್ಸಿಜನ್ ಹೌದಲ್ರೀ? ನಾನು 20 ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವ, ಊರೂರಿನ ದೊಡ್ಡಾಟ ರೆಕಾರ್ಡ್ ಮಾಡಿ ಮಾರೀನಿ. ಆ ಕಂದು ರೀಲ್ ಮ್ಯಾಲೆ ಹಚ್ಚಿದ್ದೂ ಐರನ್ ಆಕ್ಸೈಡೇ, ಅದೂ ಎರಡು ಮೂರರ ಲೆಕ್ಕದ್ದೇ. ಅದಕ್ಕ ಮ್ಯಾಗ್ನೆಟ್ ಹಿಡಿದ್ರ ಹಾಡು ಅಳಿಸಿ ಹೋಕ್ಕೈತಿ, ನಮ್ಮ ಹುಡುಗ ಒಂದು ಸಲ ಸ್ಪೀಕರ್ ಮ್ಯಾಲೆ ಮಾಸ್ಟರ್ ಕ್ಯಾಸೆಟ್ ಇಟ್ಟು ಇಡೀ ಭಾಗವತರ ದನಿ ತಿಂದು ಹಾಕಿದ್ದ. ಹಂಗಾದ್ರ ಅದೇ ಸಾಮಾನು ಅಲ್ಲಿ ಮ್ಯಾಗ್ನೆಟ್ ಆಕ್ಕೈತಿ, ಇಲ್ಲಿ ಯಾಕ ಆಗಂಗಿಲ್ಲ?

ಮಾನ್ವಿ ಹುಡುಗ
ಕ್ಯಾಸೆಟ್ ಕಾಕಾರ ಪ್ರಶ್ನೆಗೆ ಕೈ ಮುಗೀಬೇಕು, ಇದನ್ನ ವೈವಾದಾಗ ಕೇಳಿದ್ರ ನಾನೇ ತೊದಲ್ತಿದ್ದೆ. ನಾನು ಬೆಂಗಳೂರಿನಾಗ ಇದೇ ಮ್ಯಾಗ್ನೆಟಿಸಂ ಮ್ಯಾಲೆ ಪಿಎಚ್‌ಡಿ ಮಾಡ್ಲಿಕತ್ತೀನಿ, ಮುಗೀವಲ್ದು ಅದು ಬ್ಯಾರೆ ಮಾತು.

ಮೊದಲು ಒಂದು ಮಾತು ತಲಿಯಾಗ ಇಟ್ಕೋರಿ. ಮ್ಯಾಗ್ನೆಟ್ ಹತ್ತಂಗಿಲ್ಲ ಅಂದ್ರ ಒಳಗ ಮ್ಯಾಗ್ನೆಟಿಸಂ ಇಲ್ಲ ಅಂತ ಅಲ್ಲ. ಹೆಮಟೈಟಿನಾಗ ಕಬ್ಬಿಣ ಕೆಲವು ಎಲೆಕ್ಟ್ರಾನ್ ಕಳಕೊಂಡಿರ್ತದ, ಅದಕ್ಕ ಅಯಾನ್ ಅಂತಾರ. ಅಂಥ ಒಂದೊಂದು ಕಬ್ಬಿಣದ ಅಯಾನ್‌ನಾಗ 5 ಒಂಟಿ ಎಲೆಕ್ಟ್ರಾನ್ ಇರ್ತಾವ, ಪ್ರತಿಯೊಂದಕ್ಕೂ ಸ್ಪಿನ್ ಅಂತ ಒಂದು ಗುಣ ಅದ, ಅದರಿಂದ ಆ ಅಯಾನ್ ಒಂದು ಪುಟ್ಟ ಮ್ಯಾಗ್ನೆಟ್. ಭಾಳ ಜೋರಿನ ಪುಟ್ಟ ಮ್ಯಾಗ್ನೆಟ್. ಆದ್ರ ಒಂದು ಪದರದಾಗಿನವು ಎಲ್ಲಾ ಮೂಡಣಕ್ಕ ಮುಖ ಮಾಡಿದ್ರ ಅದರ ಮುಂದಿನ ಪದರದವು ಪಡುವಣಕ್ಕ. ಒಂದೇ ನೊಗಕ್ಕ ಎರಡು ಎತ್ತು ಕಟ್ಟಿ ಒಂದನ್ನ ಆ ಕಡಿ ಒಂದನ್ನ ಈ ಕಡಿ ಹೊಡದ್ರ ಬಂಡಿ ಎಲ್ಲಿ ಹೋಗ್ತದ? ನಿಂತಲ್ಲೇ ನಿಂತಿರ್ತದ. ದೂರದಿಂದ ನೋಡಿದವ ಈ ಬಂಡಿಗೆ ಎತ್ತೇ ಹೂಡಿಲ್ಲ ಅಂತಾನ, ಹಗ್ಗ ಮುಟ್ಟಿ ನೋಡಿದವಗ ಗೊತ್ತು ಎಷ್ಟು ಬಿಗಿ ಅದ ಅಂತ. ಇದಕ್ಕ ಆಂಟಿಫೆರೋಮ್ಯಾಗ್ನೆಟ್ ಅಂತಾರ. ಹೆಮಟೈಟಿನಾಗ ಈ ಶಿಸ್ತು ಸುಮಾರು 680 ಡಿಗ್ರಿ ಸೆಲ್ಸಿಯಸ್ ತನಕ ಮುರಿಯಂಗಿಲ್ಲ, ನಮ್ಮ ಬಿಸಿಲು ಅದಕ್ಕ ಯಾವ ಲೆಕ್ಕ.

ಈಗ ಕ್ಯಾಸೆಟ್ ವಿಷಯ. ರೀಲಿನಾಗ ಇರೋದು ಅದೇ ಎರಡು ಮೂರು ಲೆಕ್ಕದ್ದು ಖರೆ, ಆದ್ರ ಅಣುಗಳ ಜೋಡಣಿ ಬ್ಯಾರೆ, ಅದಕ್ಕ ಮ್ಯಾಗ್ಹೆಮೈಟ್ ಅಂತ ಬ್ಯಾರೆ ಹೆಸರೇ ಅದ. ಅಲ್ಲಿ ಮೂಡಣದ ಕಡಿ ಮೂರು ಎತ್ತಾದ್ರ ಪಡುವಣದ ಕಡಿ ಐದು, ಮಿಕ್ಕ ಎರಡರ ಜೋರು ಹೊರಗ ಕಾಣ್ತದ. ಮ್ಯಾಗ್ನೆಟೈಟಿನಾಗೂ ಹಿಂಗೇ ಲೆಕ್ಕ ಸರಿಹೋಗಂಗಿಲ್ಲ. ಈ ಎರಡೂ ಥಿಯರಿ ಕೊಟ್ಟಾಂವ ಫ್ರಾನ್ಸಿನ ಲೂಯಿ ನೀಲ್, 1970ರಾಗ ನೊಬೆಲ್ ಬಂತು.

ಅದಿರು ಲ್ಯಾಬ್
ಈ ಆ ಕಡೆ ಈ ಕಡೆ ಅನ್ನೋದನ್ನ ಕಣ್ಣಾರೆ ಯಾರು ನೋಡ್ಯಾರೆ? ಹೊರಗೆ ಏನೂ ಕಾಣದೆ ಇದ್ರೆ ಒಳಗೆ ಇಂಥಾದ್ದು ಐತೆ ಅಂತ ಹೇಳೋದು ಸುಲಭ ಬಿಡ್ರಿ, ನಮ್ಮ ಲ್ಯಾಬಿನಾಗ ಹಂಗೆ ರಿಪೋರ್ಟ್ ಬರೆದ್ರೆ ಬೈತಾರೆ.

ಮಾನ್ವಿ ಹುಡುಗ
ಇದು ಲ್ಯಾಬಿನವರು ಕೇಳೋ ಪ್ರಶ್ನಿ 👍 ಕಣ್ಣಿಗೆ ಕಾಣಂಗಿಲ್ಲ, ನ್ಯೂಟ್ರಾನಿಗೆ ಕಾಣ್ತದ. ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಆದ್ರ ಅದೂ ಒಂದು ಪುಟ್ಟ ಮ್ಯಾಗ್ನೆಟ್. ರಿಯಾಕ್ಟರಿನಿಂದ ಬರೋ ನ್ಯೂಟ್ರಾನ್ ಧಾರಿ ಹರಳಿನ ಮ್ಯಾಲೆ ಬಿಟ್ರ, ಸ್ಪಿನ್ ಪದರ ಬಿಟ್ಟು ಪದರ ತಿರುಗಿದ್ದಕ್ಕ ಹೊಸ ಚುಕ್ಕಿ ಬೀಳ್ತಾವ. ಕ್ಲಿಫರ್ಡ್ ಶಲ್ ಅನ್ನೋರ ತಂಡ 1951ರಾಗ ಹಿಂಗ ನೋಡಿದ ವಸ್ತುಗಳ ಪಟ್ಟಿಯೊಳಗ ನಮ್ಮ ಹೆಮಟೈಟೂ ಅದ, ಆ ಕೆಲಸಕ್ಕ ಅವರಿಗೆ 1994ರಾಗ ನೊಬೆಲ್. ನಮ್ಮ ದೇಶದಾಗ ಟ್ರಾಂಬೆಯ ಧ್ರುವ ರಿಯಾಕ್ಟರಿನಾಗ ಇದೇ ಥರದ ಪ್ರಯೋಗ ಮಾಡ್ತಾರ.

ಇನ್ನೊಂದು, ಇವನ್ನ ಹಿಂಗ ಕಟ್ಟಿ ಹಾಕಿದ್ದು ಯಾವ ಬಲ? ಎರಡು ಮ್ಯಾಗ್ನೆಟ್ ಒಂದಕ್ಕೊಂದು ಎಳದಂಗ ಅಂತ ನಾವೆಲ್ಲ ತಿಳ್ಕೊಂಡೇವಲ್ಲ, ಅದಲ್ಲ. ಅಷ್ಟು ಸಣ್ಣ ಬಲ ಆಗಿದ್ರ ಮೈನಸ್ 270 ಡಿಗ್ರಿ ಹತ್ರ ಬಂದ್ರೂ ಎಲ್ಲಾ ಚೆಲ್ಲಾಪಿಲ್ಲಿ ಆಗಿಬಿಡ್ತಿತ್ತು. ಇದು ಎಲೆಕ್ಟ್ರಾನ್‌ಗಳ ಕ್ವಾಂಟಮ್ ಕಾಯ್ದೆ, ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯೊಳಗ ಇರಬಾರದು ಅನ್ನೋದು, ನಡುವಿನ ಆಕ್ಸಿಜನ್ ಅದಕ್ಕ ದಲ್ಲಾಳಿ. ಹಳೇ ಫಿಸಿಕ್ಸ್ ಹಿಡಿದು ಲೆಕ್ಕ ಹಾಕಿದ್ರ ಜಗತ್ತಿನಾಗ ಮ್ಯಾಗ್ನೆಟ್ಟೇ ಇರಬಾರದು ಅಂತ ಬರ್ತದ, ಬೋರ್ ತಮ್ಮ 1911ರ ಥೀಸಿಸಿನಾಗೇ ಅದನ್ನ ತೋರಿಸಿದ್ರು. ಅಂದ್ರ ಫ್ರಿಜ್ ಬಾಗಿಲಿಗೆ ಅಂಟಿಸೋ ಮ್ಯಾಗ್ನೆಟ್ಟೂ ಕ್ವಾಂಟಮ್ ಸಾಮಾನೇ ಆತು.

ಬಳ್ಳಾರಿ ಪಿಸಿ ರಿಪೇರಿ
ನೀವೆಲ್ಲ ಹತ್ತಲ್ಲ ಹತ್ತಲ್ಲ ಅಂತ ದೊಡ್ಡ ಲೆಕ್ಚರ್ ಕೊಡ್ತಿದೀರಿ, ನಾನು ಈಗ ಟೆಸ್ಟ್ ಮಾಡ್ದೆ, ನನಗೆ ಹತ್ತಿತು!! ಹಳೇ ಹಾರ್ಡ್ ಡಿಸ್ಕ್ ಬಿಚ್ಚಿದ್ರೆ ಒಳಗೆ ಬಾಳೆಕಾಯಿ ಚಿಪ್ಸ್ ಶೇಪಿನ ಎರಡು ಮ್ಯಾಗ್ನೆಟ್ ಸಿಗ್ತಾವೆ, ನಿಯೋಡಿಮಿಯಂ, ಬೆರಳು ಮಧ್ಯೆ ಸಿಕ್ರೆ ರಕ್ತ ಬರೋ ಹಂಗೆ ಕಚ್ತಾವೆ. ಅಂಗಡಿ ಮುಂದಿನ ಬೋರ್ಡ್ ಮೇಲಿಂದ ಕೆಂಪು ಧೂಳು ಒರೆಸಿ ಪೇಪರ್ ಮೇಲೆ ಹಾಕಿ ಮ್ಯಾಗ್ನೆಟ್ ತಂದ್ರೆ ಸ್ವಲ್ಪ ಸ್ವಲ್ಪ ಜರುಗಿ ಬಂತು, ಕವರಿಗೆ ತೆಳ್ಳಗೆ ಕುಂಕುಮ ಹಚ್ಚಿದಂಗೆ ಅಂಟಿಕೊಂಡಿತು. ಈಗ ಹೇಳ್ರಿ.

ಮಾನ್ವಿ ಹುಡುಗ
ಅಣ್ಣಾ ನೀವು ಸರಿ, ಇದನ್ನ ನಾನು ಮೊದಲೇ ಹೇಳಬೇಕಿತ್ತು. ಬಳ್ಳಾರಿ ಧೂಳಿನಾಗ ಮ್ಯಾಗ್ನೆಟೈಟ್, ಫ್ಯಾಕ್ಟರಿ ಪುಡಿ, ಬ್ರೇಕ್ ತಿಕ್ಕಿದ ಪುಡಿ ಎಲ್ಲಾ ಕಲಸಿರ್ತದ ಅದೊಂದು ಕಾರಣ. ಆದ್ರ ಶುದ್ಧ ಹೆಮಟೈಟೂ ಜೋರು ಮ್ಯಾಗ್ನೆಟ್ಟಿಗೆ ಅಷ್ಟಿಷ್ಟು ಹತ್ತತದ. ಯಾಕಂದ್ರ ಆ ಎರಡು ಎತ್ತು ನೆಟ್ಟಗ ಎದುರುಬದುರು ನಿಂತಿಲ್ಲ, ಎರಡೂ ಒಂದಿಷ್ಟು ಒಂದೇ ಬದಿಗೆ ವಾಲ್ಯಾವ, ಒಂದು ಡಿಗ್ರಿಗಿಂತ ಭಾಳ ಕಮ್ಮಿ ವಾಲು. ಅಷ್ಟರ ಮಟ್ಟಿಗೆ ಬಂಡಿ ಪಕ್ಕಕ್ಕ ಜರಗ್ತದ. ಈ ವಾಲು ಯಾಕ ಬರ್ತದ ಅಂತ 1950ರ ದಶಕದಾಗ ರಷ್ಯಾದ ಝ್ಯಾಲೋಶಿನ್‌ಸ್ಕಿ ಲೆಕ್ಕ ಹಾಕಿ ತೋರಿಸಿದ್ರು, ಅವರು ಮುಂದ ಇಟ್ಕೊಂಡಿದ್ದು ಇದೇ ಹೆಮಟೈಟ್.

ಮಜಾ ಕೇಳ್ರಿ. ಮೈನಸ್ 13 ಡಿಗ್ರಿ ಸುಮಾರಿಗೆ ತಣ್ಣಗ ಮಾಡಿದ್ರ ಸ್ಪಿನ್ ಎಲ್ಲಾ ದಿಕ್ಕು ಬದಲಿಸ್ತಾವ, ಅಡ್ಡ ಇದ್ದವು ಉದ್ದಕ್ಕ ತಿರಗ್ತಾವ, ಆ ವಾಲು ಮಾಯ. ಮೋರಿನ್ ಟ್ರಾನ್ಸಿಷನ್ ಅಂತ ಹೆಸರು, ಅಮೆರಿಕದ ಬೆಲ್ ಲ್ಯಾಬಿನ ಮೋರಿನ್ ಅನ್ನೋರು 1950ರಾಗ ಕಂಡುಹಿಡದ್ರು. ರಾಯಚೂರಿನಾಗ ಪ್ಲಸ್ 13 ಬಂದ್ರೇ ನಾವು ಕಂಬಳಿ ಹುಡುಕ್ತೀವಿ. ಆದ್ರ ಮನಿ ಫ್ರಿಜ್ಜಿನ ಫ್ರೀಜರ್ ಮೈನಸ್ 18 ಇರ್ತದ, ಅಂದ್ರ ಒಳ್ಳೆ ಹರಳಿರೋ ಹೆಮಟೈಟ್ ತುಂಡು ನಿಮ್ಮ ಐಸ್ ಟ್ರೇ ಪಕ್ಕದಾಗ ಇಟ್ರ ಸದ್ದಿಲ್ಲದೆ ಒಳಗ ಎಲ್ಲಾ ಹೊರಳಿ ಮಲಗ್ತದ! ತೀರಾ ಸಣ್ಣ ಧೂಳಿನ ಕಣ ಆದ್ರ ಅಥವಾ ಬ್ಯಾರೆ ಲೋಹ ಬೆರೆತಿದ್ರ ಆಗಂಗಿಲ್ಲ.

ಕುಷ್ಟಗಿ ಟೀಚರ್
ನಾ ಹೈಸ್ಕೂಲ್ ವಿಜ್ಞಾನ ಟೀಚರ್ ಅದೀನ್ರಿ. ಹಿರೇಬೆಣಕಲ್ ಗುಡ್ಡಕ್ಕ ಮಕ್ಕಳನ್ನ ಕರಕೊಂಡು ಹೋದಾಗ ಮೊರೇರ ಮನಿ (ಹಳೇ ಕಾಲದ ಕಲ್ಲುಗೋರಿ) ತೋರಿಸಿ ಬಂಡಿ ಮ್ಯಾಲಿನ ಕೆಂಪು ಚಿತ್ರನೂ ತೋರಸ್ತೀವಿ, ಆ ಕಾವಿ ಬಣ್ಣದಾಗ ಇರೋದೂ ಇದೇ ಅಲ್ರೀ? ಅಷ್ಟು ಶತಮಾನ ಮಳಿ ಬಿಸಿಲು ತಿಂದ್ರೂ ಹೋಗಿಲ್ಲ.

ಕಾಟಾ ಅಣ್ಣಾರ, ನಿಮ್ಮ ಹುಡುಗಗ ಒಂದು ಪ್ರಯೋಗ ಹೇಳ್ತೀನಿ, ಆದ್ರ ನೀವು ಮುಂದ ನಿಂತು, ಅಂಗಳದಾಗ ಮಾಡಸ್ರಿ, ಮನಿ ಒಳಗ ಬ್ಯಾಡ, ಕೆಟ್ಟ ಗ್ಯಾಸ್ ಬರ್ತೈತಿ. ಕೆಂಪು ಪುಡಿ ಒಂದು ಚಮಚ, ಅಷ್ಟೇ ಇದ್ದಿಲು ಪುಡಿ, ಚೆನ್ನಾಗಿ ಕಲಸಿ ಸಣ್ಣ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಮುಚ್ಚಳಕ್ಕ ಮೊಳೆಯಿಂದ ಒಂದೇ ಸಣ್ಣ ತೂತು. ಇಲ್ಲಂದ್ರ ಡಬ್ಬಿ ಸಿಡೀತೈತಿ. ಕಟ್ಟಿಗಿ ಒಲಿ ಕೆಂಡದಾಗ ಅರ್ಧ ತಾಸು. ಇದ್ದಿಲು ಸ್ವಲ್ಪ ಆಕ್ಸಿಜನ್ ಕಿತ್ಕೊಂತೈತಿ, ಹೆಮಟೈಟ್ ಹೋಗಿ ಮ್ಯಾಗ್ನೆಟೈಟ್ ಆಕ್ಕೈತಿ. ಆಮ್ಯಾಲೆ ಸ್ಪೀಕರ್ ಮ್ಯಾಗ್ನೆಟ್ ಹಿಡಿದು ನೋಡ್ರಿ.

ಮಾನ್ವಿ ಹುಡುಗ
ಹೌದ್ರಿ ಟೀಚರ್, ಕಾವಿಯ ಕೆಂಪು ಹೆಮಟೈಟಿಂದೇ. ಆ ಕೆಂಪಿಗೂ ಎತ್ತಿನ ಜೋಡಿಗೂ ನಂಟು ಅದ. ಅಕ್ಕಪಕ್ಕದ ಎರಡು ಕಬ್ಬಿಣದ ಅಯಾನ್ ಸೇರಿ ಒಂದೇ ಬೆಳಕಿನ ಕಣ ನುಂಗ್ತಾವ, ಒಂಟಿಯಾಗಿದ್ರ ಅಷ್ಟು ನುಂಗ್ತಿರಲಿಲ್ಲ, ಹಸಿರು ನೀಲಿ ಹೋಗಿ ಕೆಂಪು ಉಳೀತದ.

ಸಿಂಧನೂರು ಭತ್ತ
ಎಲ್ಲಾ ಛಲೋ ಅದ. ಆದ್ರ ತಮ್ಮಾ, ಎತ್ತು ಆ ಕಡಿ ಈ ಕಡಿ ನಿಂತದ್ದಕ್ಕ ನಿನಗ್ಯಾಕ ಸರ್ಕಾರ ಸ್ಟೈಫಂಡ್ ಕೊಡ್ತದ? ನಮ್ಮೂರಾಗ ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಎಂಟು ದಿನ ಆತು, ಭತ್ತಕ್ಕ ನೀರಿಲ್ಲ. ನಿನ್ನ ಸ್ಪಿನ್ನಿಂದ ನಮಗೇನು? ಬೇಜಾರ ಮಾಡ್ಕೋಬ್ಯಾಡ, ಖರೇ ಕೇಳ್ಲಿಕತ್ತೀನಿ.

ಬಳ್ಳಾರಿ ಪಿಸಿ ರಿಪೇರಿ
ನಾನು ಹೇಳ್ತೀನಿ ಇದಕ್ಕೆ, ಇದು ನನ್ನ ಹೊಟ್ಟೆಪಾಡು. 1990ರ ದಶಕದ ಮಧ್ಯದಾಗ ನಮ್ಮ ಅಂಗಡಿಗೆ ಬರ್ತಿದ್ದ ಹಾರ್ಡ್ ಡಿಸ್ಕ್ ಒಂದು ಜಿಬಿ ಇದ್ರೆ ಹೆಚ್ಚು. 1997ರಾಗ ಐಬಿಎಂ 16.8 ಜಿಬಿದು ಬಿಟ್ತು. ಏನು ಬದಲಾಯ್ತು ಅಂದ್ರೆ ಓದೋ ಹೆಡ್. ತೆಳು ತೆಳು ಲೋಹದ ಪದರ, ಮ್ಯಾಗ್ನೆಟ್ ದಿಕ್ಕು ಬದಲಾದ್ರೆ ಕರೆಂಟಿಗೆ ರೆಸಿಸ್ಟೆನ್ಸ್ ಬದಲಾಗೋದು, ಜಿಎಂಆರ್ ಅಂತಾರೆ. 1988ರಾಗ ಫ್ರಾನ್ಸಿನ ಫೆರ್ ಮತ್ತೆ ಜರ್ಮನಿಯ ಗ್ರೂನ್‌ಬೆರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ್ರು, 2007ರಾಗ ನೊಬೆಲ್ ಬಂದಾಗ ನಾನು ಪೇಪರ್ ಕಟಿಂಗ್ ಅಂಗಡಿಯಾಗ ಅಂಟಿಸಿದ್ದೆ. ಲ್ಯಾಬಿನಿಂದ ಬಳ್ಳಾರಿ ಅಂಗಡಿಗೆ ಬರೋಕೆ ಹತ್ತು ವರ್ಷ ಸ್ವಾಮಿ.

ಮಾನ್ವಿ ಹುಡುಗ
ಅಣ್ಣ ಹೇಳಿದ ಹೆಡ್ಡಿನಾಗೇ ನನ್ನ ಉತ್ತರ ಅದ. ಆ ಪದರದಾಗ ಒಂದು ಅಲ್ಲಾಡದೆ ನಿಂತಿರಬೇಕು, ಇನ್ನೊಂದು ತಿರುಗಬೇಕು. ಅಲ್ಲಾಡದಂಗ ಹಿಡದಿಡೋದು ಯಾವುದು ಗೊತ್ತೇನು, ಅದರ ಪಕ್ಕ ಅಂಟಿಸಿದ ಒಂದು ಆಂಟಿಫೆರೋಮ್ಯಾಗ್ನೆಟ್, ಇರಿಡಿಯಂ ಮ್ಯಾಂಗನೀಸ್ ಥರದ್ದು. ನೀಲ್ ಸಾಹೇಬರೇ ನೊಬೆಲ್ ಭಾಷಣದಾಗ ಇವು ನೋಡ್ಲಿಕ್ಕೆ ಚೆಂದ, ಬಳಕಿ ಏನೂ ಕಾಣವಲ್ದು ಅನ್ನೋ ಅರ್ಥದ ಮಾತು ಆಡಿದ್ರು. ಹಂಗಂದವು ಜಗತ್ತಿನ ಎಷ್ಟೋ ಹಾರ್ಡ್ ಡಿಸ್ಕಿನಾಗ ಗೂಟ ಆಗಿ ಕುಂತಾವ.

ಈಗ ನಡೆದಿರೋದು ಅವನ್ನ ಗೂಟ ಮಾಡೋದು ಬಿಟ್ಟು ಅವುಗಳ ಮ್ಯಾಲೇ ಬರೀಲಿಕ್ಕೆ ಬರ್ತದೇನು ಅನ್ನೋ ಹುಡುಕಾಟ. ಹೊರಗ ಮ್ಯಾಗ್ನೆಟಿಸಂ ಚೆಲ್ಲಂಗಿಲ್ಲ, ಹಂಗಾಗಿ ಪಕ್ಕದ ಬಿಟ್ ಕೆಡಸಂಗಿಲ್ಲ, ಹತ್ತಿರ ಹತ್ತಿರ ತುರುಕಬಹುದು. ಕ್ಯಾಸೆಟ್ ಕಾಕಾರ ಭಾಗವತರ ದನಿ ಆಗ ಅಳೀತಿರಲಿಲ್ಲ. ಮತ್ತ ಸ್ಪಿನ್ ತಿರುಗೋ ವೇಗನೂ ಸಾದಾ ಮ್ಯಾಗ್ನೆಟ್ಟಿಗಿಂತ ನೂರಾರು ಪಟ್ಟು ಹೆಚ್ಚು. 2018ರಾಗ ಜರ್ಮನಿಯ ಮೈನ್ಝ್ ತಂಡ ಹೆಮಟೈಟ್ ಹರಳಿನ ಮ್ಯಾಲೆ ಪ್ಲಾಟಿನಂ ಪಟ್ಟಿ ಎಳದು, ಒಂದು ಪಟ್ಟಿಯಿಂದ ಸ್ಪಿನ್ ತಳ್ಳಿ ಹತ್ತಾರು ಮೈಕ್ರೋಮೀಟರ್ ಆಚೆ ಇನ್ನೊಂದ್ರಾಗ ಹಿಡದು ತೋರಿಸ್ತು. ಹತ್ತತ್ರ ಒಂದು ಕೂದಲಿನ ದಪ್ಪ ಅಷ್ಟೇ, ಆದ್ರ ಚಿಪ್ಪಿನ ಒಳಗ ಅದು ಗಾವುದ ದೂರ. ಕೊಪ್ಪಳದವರಿಗೆ ಹಿಂಗಂದ್ರ ತಿಳೀತದ: ಗವಿಮಠದ ಜಾತ್ರಿ ದಾಸೋಹದಾಗ ಮಂದಿ ಸಾಲಾಗಿ ನಿಂತು ರೊಟ್ಟಿ ಬುಟ್ಟಿ ಕೈಯಿಂದ ಕೈಗೆ ದಾಟಸ್ತಾರಲ್ಲ, ಯಾರೂ ನಿಂತ ಜಾಗ ಬಿಡಂಗಿಲ್ಲ, ಬುಟ್ಟಿ ಮಾತ್ರ ಹೋಗ್ತದ. ಹೆಮಟೈಟಿನಾಗೂ ಎಲೆಕ್ಟ್ರಾನ್ ಹರಿಯಂಗಿಲ್ಲ, ವಾಲಾಟ ಮಾತ್ರ ದಾಟ್ತದ. ತಂತಿಯಾಗ ಎಲೆಕ್ಟ್ರಾನ್ ಓಡಿ ಗುದ್ದಾಡಿ ಬಿಸಿ ಆಗೋ ಹಂಗ ಇಲ್ಲಿ ಆಗಂಗಿಲ್ಲ. ಮೊಬೈಲ್ ಕಾಯೋದು, ಡೇಟಾ ಸೆಂಟರ್ ಕರೆಂಟ್ ತಿನ್ನೋದು ಎಲ್ಲಾ ಆ ಗುದ್ದಾಟದ್ದೇ.

ನಿಮ್ಮ ಟಿಸಿಗೆ ಇದರಿಂದ ಏನೂ ಆಗಂಗಿಲ್ಲ, ಸುಳ್ಳು ಹೇಳಂಗಿಲ್ಲ.

ಸಿಂಧನೂರು ಭತ್ತ
ಸುಳ್ಳು ಹೇಳಲಿಲ್ಲಲ್ಲ ಅದಕ್ಕೊಂದು ಲೈಕ್. ಹಂಗಾದ್ರ ಬರದು ತೋರಿಸ್ಯಾರೇನು ಹೆಮಟೈಟ್ ಮ್ಯಾಲೆ? ಇಲ್ಲಾ ಬರೀ ಆದೀತು ಆದೀತು ಅನ್ನೋದೇನು?

ಮಾನ್ವಿ ಹುಡುಗ
ಅಲ್ಲೇ ಸಿಕ್ಕಿಹಾಕ್ಕೊಂಡದ. 2016ರಾಗ ತಾಮ್ರ, ಮ್ಯಾಂಗನೀಸ್, ಆರ್ಸೆನಿಕ್ ಸೇರಿದ ಬ್ಯಾರೆ ಆಂಟಿಫೆರೋಮ್ಯಾಗ್ನೆಟ್ಟಿನಾಗ ಬರೀ ಕರೆಂಟಿನಿಂದ ದಿಕ್ಕು ತಿರಗಿಸಿದ್ವಿ ಅಂತ ಬಂತು, ಎಲ್ಲಾರೂ ಅದೇ ಹಾದಿ ಹಿಡದ್ರು. ಆಮ್ಯಾಲೆ 2019ರಾಗ ಒಂದು ತಂಡ ಹೆಮಟೈಟ್ ಮ್ಯಾಲೆ ಪ್ಲಾಟಿನಂ ಹಾಕಿ ನೋಡಿ, ತಿರುಗಿತು ಅಂತ ನಾವು ಓದೋ ಸಿಗ್ನಲ್ ಪ್ಲಾಟಿನಂ ತಂತಿ ಕಾದು ಅದರ ಅಣುಗಳು ಸರಿದಾಡಿದ್ರೂ ಹಂಗೇ ಬರ್ತದ, ಸ್ಪಿನ್ ತಿರುಗಿದ್ದಕ್ಕ ಅದೊಂದೇ ಸಾಕ್ಷಿ ಸಾಲಂಗಿಲ್ಲ ಅಂತ ತೋರಿಸ್ತು. ಈಗ ಯಾರೂ ಬರೀ ಕರೆಂಟ್ ಅಳದು ಬಿಡಂಗಿಲ್ಲ, ಎಕ್ಸ್‌ರೇ ಹಾಕಿ ಸ್ಪಿನ್ನಿನ ಚಿತ್ರ ತಗದು ತೋರಿಸು ಅಂತಾರ. ನನ್ನ ಎರಡು ವರ್ಷ ಇದ್ರಾಗೇ ಹೋತು, ನನ್ನ ಸ್ಯಾಂಪಲ್ಲಿನ ಸಿಗ್ನಲ್ ನೋಡಿ ಪಾರ್ಟಿ ಕೊಟ್ಟಿದ್ದೆ, ತಿಂಗಳ ಮ್ಯಾಲೆ ನೋಡಿದ್ರ ತಂತಿ ಅಂಚಿನಾಗ ಕರಗಿತ್ತು. ಆ ಬಿರಿಯಾನಿ ಲೆಕ್ಕ ಇನ್ನೂ ನನ್ನ ಹೆಸರಿನಾಗೇ ಅದ.

ಗಂಗಾವತಿ ಕ್ಯಾಸೆಟ್
ಇದಾ ಏನು ಕ್ವಾಂಟಮ್ ಕಂಪ್ಯೂಟರ್ ಅಂದ್ರ? ನಮ್ಮ ಮಾವ ಒಬ್ಬ ಕ್ವಾಂಟಮ್ ಪೆಂಡೆಂಟ್ ಅಂತ ಕೊಳ್ಳಾಗ ಹಾಕ್ಕೊಂಡು ತಿರಗ್ತಾನ, ಮೊಣಕಾಲು ನೋವಿಗೆ ಅಂತ, ನನಗೂ ಮೆಂಬರ್ ಆಗು ಅಂತ ಗಂಟು ಬಿದ್ದಾನ. ನನ್ನ ಹೆಂಡ್ತಿನೂ ಹಂಪಿಯಾಗ ಹೆಮಟೈಟ್ ಮಣಿ ಸರ ತಗೊಂಡಾಳ ಬಿಪಿಗೆ ಛಲೋ ಅಂತ, ಅದು ಮ್ಯಾಗ್ನೆಟ್ಟಿಗೆ ಟಪ್ಪಂತ ಹತ್ತೈತಿ ನೋಡ್ರಿ.

ಮಾನ್ವಿ ಹುಡುಗ
ಅಲ್ರೀ ಕಾಕಾ, ಅದು ಬ್ಯಾರೇನೇ. ಗೂಗಲ್‌ನ ವಿಲ್ಲೋ ಅಂತ ಚಿಪ್ 2024ರ ಡಿಸೆಂಬರಿನಾಗ ಬಂತಲ್ಲ 105 ಕ್ಯೂಬಿಟ್ಟಿಂದು (ಕ್ಯೂಬಿಟ್ ಅಂದ್ರ ಕ್ವಾಂಟಮ್ ಕಂಪ್ಯೂಟರಿನ ಬಿಟ್), ಅಂಥವು ಸೂಪರ್‌ಕಂಡಕ್ಟರ್ ಸರ್ಕ್ಯೂಟ್, ಸೊನ್ನೆ ಕೆಲ್ವಿನ್ನಿಗಿಂತ (ಸುಮಾರು ಮೈನಸ್ 273 ಡಿಗ್ರಿ) ಕೂದಲೆಳೆ ಮ್ಯಾಲೆ ಇಟ್ಟು ಕಾಯಬೇಕು, ಅಲ್ಲಿ ನಮ್ಮ ಕೆಂಪು ಧೂಳು ಬಿದ್ರ ಕೆಲಸ ಕೆಡ್ತದ. ಕೇಂದ್ರ 2023ರಾಗ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ 6003.65 ಕೋಟಿಯೊಳಗ ಕಂಪ್ಯೂಟಿಂಗ್ ಭಾಗ ಬೆಂಗಳೂರು ಐಐಎಸ್ಸಿಗೆ, ವಸ್ತುಗಳ ಭಾಗ ದಿಲ್ಲಿ ಐಐಟಿಗೆ ಬಂದದ. ನನ್ನದು ವಸ್ತುಗಳ ಕಡಿ.

ಮಣಿ ಸರ ಟಪ್ಪಂತ ಹತ್ತಿದ್ರ ಅದು ಹೆಮಟೈಟ್ ಅಲ್ಲೇ ಅಲ್ಲ, ಫ್ಯಾಕ್ಟರಿಯಾಗ ಮಾಡಿದ ಫೆರೈಟ್, ಸ್ಪೀಕರ್ ಮ್ಯಾಗ್ನೆಟ್ಟಿನ ತಮ್ಮ. ಬಿಪಿ ಮಾತ್ರೆ ಬಿಡಿಸಬ್ಯಾಡ್ರಿ. ಪೆಂಡೆಂಟ್ ವಿಷಯ ನಗೋದಲ್ಲ, 2021ರ ಡಿಸೆಂಬರಿನಾಗ ನೆದರ್ಲ್ಯಾಂಡ್ಸ್ ಸರ್ಕಾರ ಇಂಥ ಪೆಂಡೆಂಟ್, ಬಳಿ ಕೆಲವನ್ನ ತಪಾಸ ಮಾಡಿದ್ರ ವಿಕಿರಣ ಹೊರಡ್ತಿತ್ತು, ಹಾಕ್ಕೋಬ್ಯಾಡ್ರಿ ಅಂತ ಹೇಳ್ತು. ಮಾವಗ ತೋರಸ್ರಿ.

ತೋರಣಗಲ್ಲು ಕಾಟಾ
ಎರಡು ದಿನ ನೈಟ್ ಶಿಫ್ಟ್ ಇತ್ತು, ಈಗ ಎಲ್ಲಾ ಓದಿದೆ. ಎತ್ತಿನ ಮಾತು ಮಗನಿಗೆ ತಕ್ಷಣ ಹೊಳೀತು, ನನಗೆ ಎರಡು ಸಲ ಬೇಕಾಯ್ತು. ಟೀಚರಮ್ಮ, ನಿಮ್ಮ ಪ್ರಯೋಗ ಭಾನುವಾರ ಮಾಡಿದ್ವಿ, ಫೇಲ್. ಮುಚ್ಚಳ ತಗದಾಗ ಮೇಲೆ ಕರ್ರಗಿತ್ತು, ನಾವು ಖುಷಿಯಾಗಿ ಬಿಸಿ ಇದ್ದಾಗ್ಲೇ ಪೇಪರ್ ಮೇಲೆ ಸುರುವಿದ್ವಿ, ಪೇಪರ್ ಸುಟ್ಟು ತೂತು, ಪುಡಿ ನೋಡ್ತಾ ನೋಡ್ತಾ ಕೆಂಪಗಾಯ್ತು. ಮ್ಯಾಗ್ನೆಟ್ಟಿಗೆ ಬಂದಿದ್ದು ಅಷ್ಟಕ್ಕಷ್ಟೇ.

ಕುಷ್ಟಗಿ ಟೀಚರ್
ಅಯ್ಯ, ಪೂರಾ ಆರೋ ತನಕ ಮುಚ್ಚಳ ಮುಟ್ಟಬಾರದು ಅಂತ ಹೇಳೋದೇ ಮರತೆ ನೋಡ್ರಿ. ಬಿಸಿಯಾಗಿದ್ದಾಗ ಗಾಳಿ ತಾಗಿದ್ರ ಬಿಟ್ಟುಕೊಟ್ಟ ಆಕ್ಸಿಜನ್ ವಾಪಸ್ ಇಸ್ಕೊಂತೈತಿ. ತೂತಿಗೂ ಇಳಿಸಿದ ಕೂಡ್ಲೆ ಒಂದಿಷ್ಟು ಹಸಿ ಮಣ್ಣು ಮೆತ್ರಿ, ರಾತ್ರಿ ಹಂಗೇ ಬಿಡ್ರಿ.

ತೋರಣಗಲ್ಲು ಕಾಟಾ
ಆಯ್ತು ಆಯ್ತು ಆಯ್ತು!! ಬೆಳಿಗ್ಗೆ ಆರಕ್ಕೇ ಎದ್ದು ನನ್ನ ಎಬ್ಬಿಸಿದ. ಡಬ್ಬಿ ತಗದ್ರೆ ಪೂರ್ತಿ ಕಪ್ಪು, ಪ್ಲಾಸ್ಟಿಕ್ ಸುತ್ತಿದ ಮ್ಯಾಗ್ನೆಟ್ ಇನ್ನೂ ಎರಡು ಬೆರಳು ಮೇಲಿತ್ತು, ಪುಡಿ ಎದ್ದು ನಿಂತು ಮುಳ್ಳುಹಂದಿ ಹಂಗಾಯ್ತು. ಇದ್ದಿಲು ಹಿಂದೆ ಉಳೀತು. ಕವರ್ ಬಿಚ್ಚಿದ್ರೆ ಎಲ್ಲಾ ಒಟ್ಟಿಗೆ ಕೆಳಗೆ, ಮತ್ತೆ ಹಿಡಿದ್ರೆ ಮತ್ತೆ ಮೇಲೆ, ಒಂದು ಇಪ್ಪತ್ತು ಸಲ ಮಾಡಿದ. ನನ್ನ ಬನಿಯನ್ನಿನ ಧೂಳಿಂದೇ ಮಾಡಿದ್ದು ಅಂತ ಊರೆಲ್ಲ ಹೇಳ್ಕೊಂಡು ಬಂದಾನೆ.

ಆದ್ರೆ ಮಾನ್ವಿ ತಮ್ಮಾ, ನಿನ್ನ ಮೇಲೊಂದು ಕಂಪ್ಲೇಂಟ್ ಐತೆ. ನೀನು ಫ್ರೀಜರ್ ಮಾತು ಹೇಳಿದೆ ನೋಡು, ಅವನು ನನಗೂ ಹೇಳದೆ ಕೆಂಪು ಪುಡಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಫ್ರೀಜರಿನಾಗ ಇಟ್ಟುಬಿಟ್ಟಿದ್ದ. ಇವತ್ತು ನನ್ನ ಹೆಂಡ್ತಿ ಅದನ್ನ ಹೋದ ತಿಂಗಳು ಕುಟ್ಟಿಸಿಟ್ಟ ಬ್ಯಾಡಗಿ ಖಾರ ಅನ್ಕೊಂಡು ಸಾರಿಗೆ ಎರಡು ಚಮಚ ಹಾಕ್ಯಾಳೆ. ಸಾರು ಚೆಲ್ಲಿ ಆಯ್ತು. ಈಗ ಅವಳು ಕೇಳ್ತಿರೋದು ಆ ಮಾನ್ವಿ ಹುಡುಗ ಯಾರು, ಒಂದು ಸಲ ಊಟಕ್ಕೆ ಕರೀರಿ ಅಂತ. ಯಾವ ದನಿಯಾಗ ಹೇಳಿದ್ಲು ಅಂತ ಮಾತ್ರ ಕೇಳಬೇಡ.

ಮಾನ್ವಿ ಹುಡುಗ
ಅಕ್ಕಾರಿಗೆ ಶರಣು ಹೇಳ್ರಿ. ಬರ್ತೀನಿ, ಖಾರದ ಡಬ್ಬಿ ನಾನೇ ತರ್ತೀನಿ. ಅದು ಮ್ಯಾಗ್ನೆಟ್ಟಿಗೆ ಹಿಡಿದು ನೋಡೇ ತರ್ತೀನಿ.